ಒಂದೇ ಸಲ ಕೇಳುವ ಮುದುಕಿ

ಫೋನು ಇಟ್ಟ ಮೇಲೂ ಹೀರಾಬಾಯಿಯ ಕೈ ಅದರ ಮೇಲೆಯೇ ಇತ್ತು, ತೆಗೆದರೆ ಎಲ್ಲಿ ಮತ್ತೆ ಬಡಿದುಕೊಳ್ಳುತ್ತದೋ ಎಂಬಂತೆ. ಅಂಕೋಲೆಯ ಸುಮಿತಾ ಹೇಳಿದ್ದು ಎರಡು ಮಾತು. ಎರಡೂ ಸೊಸೆ ರಕ್ಷಿತಾಳಿಗೆ ಮುಟ್ಟಬೇಕಾದದ್ದು. ಸೊಸೆ ಅಕ್ಕಿ ಬೀಸಿಸಲು ಗಿರಣಿಗೆ ಹೋಗಿದ್ದರಿಂದ ಅತ್ತೆಯ ಕಿವಿಗೆ ಬಿದ್ದವು. ಮೊದಲನೆಯದು ಕೆಲಸದ ಮಾತು. ಮದುವೆಗೆ ಮುಂಚೆ ರಕ್ಷಿತಾ ಪಾಠ ಹೇಳಿಕೊಡುತ್ತಿದ್ದ ಕಂಪ್ಯೂಟರ್ ಕ್ಲಾಸು ಸುಮಿತಾಳದ್ದು. ಈಗ ಸುಮಿತಾ ಬಸುರಿ, ಕ್ಲಾಸು ನೋಡಿಕೊಳ್ಳಲು ನಂಬಿಕೆಯವರೊಬ್ಬರು ಬೇಕು, ರಕ್ಷಿತಾ ಬರುವುದಾದರೆ ಬೇರೆ ಯಾರನ್ನೂ ಕೇಳುವುದಿಲ್ಲ, ಆದರೆ ಇವತ್ತು ಸಂಜೆಯೊಳಗೆ ಹೇಳಬೇಕು, ಇಲ್ಲದಿದ್ದರೆ ಕುಮಟೆಯವಳೊಬ್ಬಳು ತಯಾರಾಗಿ ಕೂತಿದ್ದಾಳೆ. “ಮನೇಲಿ ಕೇಳಿ ಹೇಳ್ತೆ ಅಂದಿದ್ಲು ಆಯಿ ಅವ್ಳು. ನಿಮ್ಮ ಹತ್ರ ಕೇಳ್ಲಿಲ್ವಾ?” ಎಂದು ಸುಮಿತಾ ಅಂದಾಗ ಹೀರಾಬಾಯಿ, “ಕೇಳಿದ್ಲು, ಕೇಳಿದ್ಲು” ಎಂದುಬಿಟ್ಟಿದ್ದಳು. ಕೇಳಿರಲಿಲ್ಲ. ಸೊಸೆ ತನ್ನ ಮುಂದೆ ಬಾಯಿಯೇ ಬಿಟ್ಟಿಲ್ಲ ಎನ್ನುವುದು ಅಂಕೋಲೆಯ ಹೆಂಗಸಿಗೆ ಗೊತ್ತಾಗಬಾರದೆಂದು ನಾಲಿಗೆ ತಾನಾಗಿ ಆಡಿದ ಸುಳ್ಳು ಅದು. ಅಷ್ಟರಲ್ಲಿ ಸುಮಿತಾ ನಗುತ್ತ ಎರಡನೆಯ ಮಾತಿಗೆ ಹೋಗಿದ್ದಳು.

“ಮತ್ತೆ ಅವ್ಳು ಕೇಳಿದ್ದ ಆ ಕಂಪ್ಯೂಟರ್ ಆಟದ್ದು ಹೇಳಿ ಆಯಿ ಅವ್ಳಿಗೆ. ಆ ಮುದುಕಿ ಊಟ ಮಾಡ್ತೀಯಾ ಕೇಳ್ತದಲ್ಲ, ಆವಾಗ ಹ್ಞೂಂ ಅನ್ಬೇಕಂತೆ. ಅದು ಒಂದೇ ಸಲ ಕೇಳುದು.”

“ಒಂದೇ ಸಲವಾ? ಎಂತಾ ಹೆಂಗಸು ಗೋ ಅದು! ಬಾಗಿಲಿಗೆ ಬಂದವರ ಹತ್ರ ಒಂದೇ ಸಲ ಕೇಳುದು ಯಾವ ಊರ ಪದ್ಧತಿ?”

“ಅದಕ್ಕೆ ನಮ್ಮ ಬದಿ ಪದ್ಧತಿ ಗೊತ್ತಿಲ್ಲ ಆಯಿ” ಎಂದು ಸುಮಿತಾ ಫೋನು ಇಟ್ಟಳು. ಹೀರಾಬಾಯಿ ಮಾತ್ರ ಇಟ್ಟಲ್ಲಿಂದ ಕದಲಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವಳ ಕೈ ಸೆರಗಿನ ತುದಿಯನ್ನು ಹುಡುಕಿ ಹೆಗಲ ಮೇಲೆ ಎಳೆದುಕೊಂಡಿತು.

ಆಟ ಅಂದರೆ ಅವಳಿಗೆ ಮೊದಲೆಲ್ಲ ಲಗೋರಿ, ಕುಂಟಾಬಿಲ್ಲೆ. ಶಿರವಾಡದ ಈ ಮನೆಯ ಚಾವಡಿಗೆ ಮಗ ರೂಪೇಶ ಯಾರೋ ಹಳತಾಯಿತೆಂದು ಮಾರಿದ ಕಂಪ್ಯೂಟರನ್ನು ತಂದು ಕೂರಿಸಿದಾಗ, ಅದಕ್ಕೆ ಬಟ್ಟೆ ಹೊದಿಸುವುದು ಮತ್ತು ಅದರ ತಲೆಯ ಮೇಲೆ ಏನೂ ಇಡದಿರುವುದು, ಇಷ್ಟೇ ತನ್ನ ಪಾಲಿನ ಸಹವಾಸ ಎಂದುಕೊಂಡಿದ್ದಳು. ಹೊಸ ಆಟಗಳು ಆ ಯಂತ್ರಕ್ಕೆ ಭಾರ, ಹಾಕಿದರೆ ಉಬ್ಬಸದವರ ಹಾಗೆ ನಿಂತು ನಿಂತು ಉಸಿರೆಳೆಯುತ್ತಿತ್ತು. ಹಾಗಾಗಿ ಸುಮಿತಾ ಕ್ಲಾಸಿನ ಕಪಾಟಿನಿಂದ ತೆಗೆದುಕೊಟ್ಟ ಹಳೆಯ ಸೀಡಿಗಳೇ ಗತಿ. ಗಂಡ ತೀರಿಕೊಂಡ ಮೇಲೆ ಹೀರಾಬಾಯಿಗೆ ಬೆಳಿಗ್ಗೆಯೂ ಕಷ್ಟವಿರಲಿಲ್ಲ, ಸಂಜೆಯೂ ಇರಲಿಲ್ಲ. ಊಟವಾಗಿ ಪಾತ್ರೆ ಮಗುಚಿಟ್ಟ ಮೇಲಿನ ಆ ಹೊತ್ತೊಂದು ಮಾತ್ರ ಮುಂದಕ್ಕೆ ಹೋಗುತ್ತಲೇ ಇರಲಿಲ್ಲ. ಅಂಥದೊಂದು ಮಧ್ಯಾಹ್ನ ಚಾಪೆಯ ಮೇಲೆ ಹೊರಳಾಡಿ ಸಾಕಾಗಿ ಎದ್ದು ಬಂದು ಸೊಸೆಯ ಹಿಂದೆ ನಿಂತಳು. ಪರದೆಯಲ್ಲಿ ಒಂದು ಮಂಕಾದ ರೈಲು ನಿಲ್ದಾಣ. ಉದ್ದ ಕೋಟಿನವನೊಬ್ಬ ನಿಂತು ಕಣ್ಣು ಮಿಟುಕಿಸುತ್ತಿದ್ದ. “ಅವ ಎಂತಕ್ಕೆ ಸುಮ್ನೆ ನಿಂತಿದ್ದ?” ಎಂದು ಕೇಳಿದಳು. “ನಾವು ಹೇಳುವವರೆಗೆ ಹಂಗೇ ನಿಂತಿರ್ತಾ ಅವ, ಅತ್ತೆ” ಎಂದಳು ರಕ್ಷಿತಾ. ಆ ಒಂದು ಉತ್ತರಕ್ಕೆ ಹೀರಾಬಾಯಿ ಮಣೆ ಎಳೆದು ಕೂತುಬಿಟ್ಟಳು. ಅವಳ ಆಯುಷ್ಯದಲ್ಲಿ ಅವಳು ಹೇಳುವವರೆಗೆ ಕಾದು ನಿಂತ ಗಂಡಸು ಅವನೊಬ್ಬನೇ.

ಅದಾದ ಮೇಲೆ ಮಧ್ಯಾಹ್ನಗಳಿಗೆ ಕಾಲು ಬಂತು. ರೈಲಿನ ಆಟ ಮುಗಿಯಿತು, ಗಡಿಯಾರಗಳ ಅರಮನೆಯ ಆಟ ಮುಗಿಯಿತು, ಈಗ ದ್ವೀಪದ್ದು. ಸೊಸೆ ಇಂಗ್ಲಿಷನ್ನು ಓದಿ ಕನ್ನಡದಲ್ಲಿ ಹೇಳುವಳು, ಅತ್ತೆ ಕೇಳಿ ತನ್ನ ಕೊಂಕಣಿಯಲ್ಲಿ ಉದ್ಗಾರ ತೆಗೆಯುವಳು. ಮೌಸಿನ ಬಾಣವನ್ನು ಚಿತ್ರದ ಮೇಲೆ ಆಡಿಸುತ್ತ ಹೋದರೆ, ಮುಟ್ಟಬಹುದಾದ ವಸ್ತುವಿನ ಮೇಲೆ ಬಂದ ಕೂಡಲೇ ಬಾಣ ಹೋಗಿ ಕೈಯಾಗುತ್ತದೆ. ಹಗ್ಗ, ಎಣ್ಣೆಡಬ್ಬಿ, ಮುರಿದ ಛತ್ರಿ, ಕಂಡದ್ದನ್ನೆಲ್ಲ ಎತ್ತಿ ಚೀಲಕ್ಕೆ ಹಾಕಿಕೊಳ್ಳಬಹುದು, ಯಾರೂ ಕಳ್ಳ ಅನ್ನುವುದಿಲ್ಲ. ಯಾರ ಹತ್ತಿರ ಬೇಕಾದರೂ ಹೋಗಿ ಏನು ಬೇಕಾದರೂ ಕೇಳಬಹುದು, ಯಾರೂ ಅಧಿಕಪ್ರಸಂಗಿ ಅನ್ನುವುದಿಲ್ಲ. ಯಾರೂ ಸಾಯುವುದಿಲ್ಲ, ಯಾರಿಗೂ ಅವಸರವಿಲ್ಲ. “ಊರೆಲ್ಲ ಕಾರು ಓಡಿಸ್ತಾ ಗುಂಡು ಹಾರಿಸ್ತಾ ಅದೆ, ನೀವಿಬ್ರು ಹಗ್ಗ ಹುಡುಕ್ತಾ ಕೂತಿದ್ರಿ” ಎಂದು ರೂಪೇಶ ತಮಾಷೆ ಮಾಡಿದರೆ ಹೀರಾಬಾಯಿ, “ಹಗ್ಗ ಇಲ್ದೆ ಬಾವಿಯಿಂದ ನೀರು ಬತ್ತದಾ?” ಎಂದು ಅವನ ಬಾಯಿ ಮುಚ್ಚಿಸುವಳು. ದ್ವೀಪದ ಆಟದ ನಾಯಕನಿಗೆ ಬಾಯಲ್ಲಿ ಹಿಡಿಯದ ಒಂದು ಹೆಸರಿತ್ತು. ಅವಳು ಅವನಿಗೆ ಬೀರು ಎಂದು ಹೆಸರಿಟ್ಟಳು. ಹಣಕೋಣದಲ್ಲಿದ್ದ ಅವಳ ಚಿಕ್ಕಪ್ಪನ ಮಗ ಬೀರುವೂ ಹಾಗೆಯೇ, ಏನಾದರೂ ಹೇಳಿದರೆ ಒಮ್ಮೆ ತಲೆ ಕೆರೆದುಕೊಂಡೇ ಹೊರಡುತ್ತಿದ್ದ.

ಈ ಬೀರು ಈಗ ಎಷ್ಟೋ ದಿನದಿಂದ ದಡದಲ್ಲಿ ಸಿಕ್ಕಿಬಿದ್ದಿದ್ದ. ಆಚೆಯ ದ್ವೀಪಕ್ಕೆ ದಾಟಬೇಕು, ದೋಣಿಯವನು ದಾಟಿಸಲೊಲ್ಲ. “ನೀನು ತೀರಾ ಹಗುರ, ಗಾಳಿಗೆ ಹಾರಿ ಹೋಗ್ತೆ” ಎಂದು ಅದೊಂದೇ ಪಾಠ ಒಪ್ಪಿಸುತ್ತಾನೆ. ಹಗುರ ಎಂದನಲ್ಲ ಎಂದು ಅತ್ತೆ ಸೊಸೆ ಬೀರುವಿನ ಚೀಲಕ್ಕೆ ಕಲ್ಲು ತುಂಬಿದರು, ಕಮ್ಮಾರನ ಅಂಗಡಿಯಿಂದ ಅಡಿಗಲ್ಲು ಹೊರಿಸಿ ತಂದರು, ದೇವಸ್ಥಾನದಂಥ ಒಂದು ಕಟ್ಟಡದ ಗಂಟೆಯನ್ನೂ ಇಳಿಸಿ ನೋಡಿದರು. ಹೀರಾಬಾಯಿ ಸ್ನಾನದ ನೀರು ಕಾಸುವಾಗಲೂ ಯೋಚಿಸಿದಳು. ಗುಡಿಸಲಿನ ಮುದುಕಿಯ ಕಡೆಗೆ ಮಾತ್ರ ಇಬ್ಬರೂ ತಿರುಗಿ ನೋಡಲಿಲ್ಲ, ಅಲ್ಲಿಯದು ಮುಗಿದ ವ್ಯವಹಾರವಾಗಿತ್ತು. ಆಟದ ಶುರುವಿನಲ್ಲೇ ಆ ಮುದುಕಿ ಒಲೆಯ ಮೇಲಿನ ಮಡಕೆ ತೋರಿಸಿ, ಉಂಡು ಹೋಗ್ತೀಯಾ ಎಂದು ಕೇಳಿತ್ತು. ಕೆಳಗೆ ಎರಡು ಸಾಲು ಬಂದಿದ್ದವು, ಹೌದೆನ್ನಲು ಒಂದು, ಬೇಡವೆನ್ನಲು ಒಂದು. ರಕ್ಷಿತಾ ಬಾಣವನ್ನು ಹೌದಿನ ಮೇಲೆ ಒಯ್ದಾಗ ತಡೆದದ್ದು ಹೀರಾಬಾಯಿಯೇ. “ಕೇಳಿದ ಕೂಡ್ಲೇ ಹ್ಞೂಂ ಅನ್ನುಕೆ ನಾವೆಂತ ಅನ್ನ ಕಾಣದವರಾ? ಬ್ಯಾಡ ಅನ್ನು ಗೋ. ಇನ್ನೊಂದು ಸಲ ಕೇಳ್ತದೆ, ಆವಾಗ ಕೂತ್ರೆ ಆಯ್ತು.” ರಕ್ಷಿತಾಳಿಗೂ ಅದು ಸರಿಯೆನಿಸಿತ್ತು, ಹಾರವಾಡದಲ್ಲಿ ಅವಳ ತವರಲ್ಲಿಯೂ ಬೇರೆ ಪದ್ಧತಿಯೇನಿಲ್ಲ. ಬೇಡ ಎಂದರು. ಮುದುಕಿ ಮಡಕೆಗೆ ಮುಚ್ಚಳ ಹಾಕಿತು. ಮತ್ತೆ ಎಷ್ಟು ಸಲ ಹೋದರೂ ಹವಾಮಾನದ ಮಾತಾಡಿತೇ ಹೊರತು ಮಡಕೆಯ ಸುದ್ದಿ ಎತ್ತಲಿಲ್ಲ.

ಆ ಮುಚ್ಚಳದ ಸದ್ದು ಹೀರಾಬಾಯಿಗೆ ಗೊತ್ತಿದ್ದ ಸದ್ದು. ಅವಳ ತವರು ಹಣಕೋಣದಲ್ಲಿ ಗದ್ದೆ ಕೊಯ್ಲಿನ ಕಾಲ. ಹೆತ್ತ ಆಯಿ ಏನೋ ಹೇಳಿ ಕಳಿಸಿದ್ದಳೆಂದು ದೇವಿ ಚಿಕ್ಕಮ್ಮನ ಮನೆಗೆ ಹೋಗಿದ್ದಳು, ಲಂಗದ ವಯಸ್ಸು, ಹೊಟ್ಟೆಯಲ್ಲಿ ಬೆಂಕಿ. ಹೊಸ ಅಕ್ಕಿಯ ಗಂಜಿ ಕುದಿಯುತ್ತಿತ್ತು. “ಉಣ್ತೀಯಾ?” ಎಂದಳು ಚಿಕ್ಕಮ್ಮ. “ಬೇಡ, ಈಗಷ್ಟೇ ಉಂಡೆ” ಎಂದು ಹೇಳಿ, ಕಲಿಸಿದ್ದನ್ನು ಸರಿಯಾಗಿ ಹೇಳಿದೆನೆಂಬ ಹೆಮ್ಮೆಯಲ್ಲಿ ಕಂಬಕ್ಕೆ ಒರಗಿ ಎರಡನೆಯ ಸಲಕ್ಕೆ ಕಾದಳು. ಚಿಕ್ಕಮ್ಮ ಮುಚ್ಚಳ ಹಾಕಿದಳು. ದಾರಿಯುದ್ದಕ್ಕೂ ಗಂಜಿಯ ವಾಸನೆ ಮೂಗಿನಲ್ಲೇ ಇತ್ತು. ಅಳು ಬಂದದ್ದು ಹಸಿವಿಗಲ್ಲ, ಚಿಕ್ಕಮ್ಮನಿಗೆ ಪದ್ಧತಿ ಚೆನ್ನಾಗಿ ಗೊತ್ತಿತ್ತು ಎಂಬುದಕ್ಕೆ. ತನ್ನ ಮನೆಯಲ್ಲಿ ಹೀರಾಬಾಯಿ ಬಂದವರನ್ನು ಮೂರು ಸಲ ಕೇಳುತ್ತಾಳೆ. ಅಂಚೆಯವನನ್ನೂ ಕೇಳುತ್ತಾಳೆ. ಮೂರನೆಯ ಸಲಕ್ಕೂ ಬೇಡವೆಂದರೆ ತಟ್ಟೆ ಹಾಕಿಯೇ ಬಿಡುತ್ತಾಳೆ. ಶಿರವಾಡದ ಹೀರಾಬಾಯಿಯ ಮನೆಯಿಂದ ಹಸಿದು ಹೋದವರಿಲ್ಲ ಎಂದು ಜನ ಹೇಳುವಾಗ ಅವಳು ಅಯ್ಯೋ ಅದೆಂತಾ ದೊಡ್ಡದು ಎನ್ನುತ್ತ ಇನ್ನೊಂದು ಸಲ ಹೇಳಲಿ ಎಂದು ಕಾಯುವುದೂ ಉಂಟು.

ಅಂಥವಳು ಸೊಸೆಯನ್ನು ಒಂದೇ ಸಲ ಕೇಳಿದ್ದಳು. ಮದುವೆಯ ಗಲಾಟೆ ಮುಗಿದು ಮನೆ ತನ್ನ ಅಳತೆಗೆ ಮರಳಿದ ಮೇಲೆ ಒಂದು ದಿನ, ಬಾವಿಕಟ್ಟೆಯ ಹತ್ತಿರ ಇಬ್ಬರೂ ಬಂಗಡೆ ಹೆಚ್ಚಿ ತೊಳೆಯುತ್ತಿದ್ದಾಗ. ಹಿಂದಿನ ದಿನ ರೂಪೇಶ, ಅವಳು ಕೆಲಸಕ್ಕೆ ಹೋಗುವುದಿದ್ದರೆ ನನ್ನದೇನೂ ಇಲ್ಲ, ನೀನೇ ಒಮ್ಮೆ ಕೇಳಿಬಿಡು ಎಂದಿದ್ದ. “ನೀ ಮತ್ತೆ ಕೆಲಸಕ್ಕೆ ಹೋಗುದಾ ಗೋ?” ಎಂದು ಹೀರಾಬಾಯಿ ಕೇಳಿದಳು. “ಬ್ಯಾಡ ಅತ್ತೆ, ಮನೇಲೇ ಇರ್ತೆ” ಎಂದಳು ರಕ್ಷಿತಾ. ಎಂದವಳ ಕೈ ಮೀನಿನ ಮೇಲೆ ಹಾಗೆಯೇ ನಿಂತಿತು. ಅದೇ. ಆ ನಿಂತ ಕೈಯನ್ನು ಹೀರಾಬಾಯಿ ನೋಡಿದ್ದಳು. ಕಾಯುವ ಕೈ ಹೇಗಿರುತ್ತದೆಂದು ಅವಳಿಗಲ್ಲದೆ ಮತ್ಯಾರಿಗೆ ಗೊತ್ತು? ನೋಡಿಯೂ ಕೊಡಪಾನ ಎತ್ತಿಕೊಂಡು ಒಳಗೆ ಹೋದಳು. ಆಗಲೇ ಎರಡು ಮಧ್ಯಾಹ್ನ ರೈಲಿನ ಆಟ ಆಡಿಯಾಗಿತ್ತು. ಮಂಕಾದ ಆ ನಿಲ್ದಾಣದಿಂದ ಗಾಡಿ ಇನ್ನೂ ಹೊರಟಿರಲಿಲ್ಲ. ನಾಳೆ ಕೇಳಿದರಾಯಿತು, ಆಟ ಮುಗಿಯಲಿ, ಚೌತಿ ಕಳೆಯಲಿ. ಹೀಗೆ ಎರಡನೆಯ ಸಲ ಹಿಂದೆ ಬಿತ್ತು. ರೂಪೇಶನಿಗೆ, “ಕೇಳಿದೆ ಬಾ, ಬ್ಯಾಡಂತೆ ಅವಳಿಗೆ” ಎಂದು ಹೇಳಿದಳು. ಅದು ಸುಳ್ಳಲ್ಲ, ನೋಡಿ. ಸುಳ್ಳಲ್ಲದ್ದೇ ಅವಳಿಗೆ ಕಷ್ಟವಾದದ್ದು. ಸುಳ್ಳಾಗಿದ್ದರೆ ಎಂದೋ ದೇವರಿಗೊಂದು ತಪ್ಪುಕಾಯಿ ಇಟ್ಟು ಮುಗಿಸಬಹುದಿತ್ತು.

ಅಂಗಳದಲ್ಲಿ ಚಪ್ಪಲಿ ಸದ್ದಾಯಿತು. ರಕ್ಷಿತಾ ಹಿಟ್ಟಿನ ಡಬ್ಬಿ ಸೊಂಟಕ್ಕಿಟ್ಟುಕೊಂಡು ಬಂದಳು, ಹುಬ್ಬಿನ ಮೇಲೆ, ಕಿವಿಯ ಹತ್ತಿರದ ಕೂದಲ ಮೇಲೆ ಹಿಟ್ಟಿನ ಹುಡಿ. ಬಾಗಿಲು ದಾಟುವ ಮೊದಲೇ, “ಗಿರಣಿಲಿ ಕರೆಂಟು ಹೋಗಿ ಕೂತ್ಕಂಡೆ ಅತ್ತೆ. ಯಾರಾದ್ರೂ ಬಂದಿದ್ರಾ?” ಎಂದು ಕೇಳಿದಳು.

“ಫೋನ್ ಬಂದಿತ್ತು. ಸುಮಿತಾಂದು.”

ಡಬ್ಬಿ ಇಳಿಸುತ್ತಿದ್ದ ಕೈ ನಿಂತಿತು. ಮತ್ತೆ ಅದೇ ಕೈ. ಹೀರಾಬಾಯಿ ಗೋಡೆಯ ಕಡೆ ತಿರುಗಿ ಹೇಳಿದಳು: “ಆ ಮುದುಕಿ ಊಟಕ್ಕೆ ಕರ್ದಾಗ ಹ್ಞೂಂ ಅನ್ಬೇಕಾಗಿತ್ತಂತೆ. ಅದು ಒಂದೇ ಸಲ ಕೇಳುದಂತೆ.”

“ಹಾಂ? ಅದಕ್ಕೇನಾ!” ರಕ್ಷಿತಾ ಹಣೆ ಬಡಿದುಕೊಂಡಳು, ಹಿಟ್ಟು ಹಾರಿತು. “ಹೊಟ್ಟೆ ತುಂಬಿದ್ರೆ ಅವ ಭಾರ ಆಗ್ತಾ! ನಾವು ಕಲ್ಲು ಹೊರಿಸಿ ಹೊರಿಸಿ ಸಾಯ್ಸಿದ್ವಲ್ಲ ಅತ್ತೆ ಬೀರೂನ!” ನಕ್ಕಳು. ನಗು ಮುಗಿದ ಮೇಲೆ ಅಲ್ಲೇ ಸ್ವಲ್ಪ ನಿಂತಳು. “ಅಷ್ಟೇ ಹೇಳಿದ್ರಾ ಸುಮಿತಕ್ಕ?”

“ಅಷ್ಟೇ” ಎಂದಳು ಹೀರಾಬಾಯಿ. ಈಗಿನದು ಮಾತ್ರ ಅಪ್ಪಟ ಸುಳ್ಳು. ರಕ್ಷಿತಾ ಡಬ್ಬಿಯನ್ನು ಒಳಗೆ ಒಯ್ದಳು. ಒಳಗಿನಿಂದ ಹಿಟ್ಟು ಜರಡಿ ಹಿಡಿಯುವ ಸದ್ದು ಒಂದೇ ಸಮನೆ ಕೇಳಿಸತೊಡಗಿತು.

ಹೀರಾಬಾಯಿ ಕೊಬ್ಬರಿ ತುರಿದಳು, ಅಂಗಳದ ಬಟ್ಟೆ ಮಗುಚಿ ಹಾಕಿದಳು, ಮಗುಚಿದ ಬಟ್ಟೆಯನ್ನು ಮತ್ತೆ ಮಗುಚಿದಳು. ಆಟ ಆಡಿ ಆಡಿ ಅವಳಿಗೊಂದು ಚಾಳಿ ಹತ್ತಿತ್ತು. ಮನೆಯ ವಸ್ತುಗಳ ಮೇಲೆ ಕಣ್ಣಾಡಿಸುವಾಗ ಮನಸ್ಸಿನಲ್ಲೊಂದು ಬಾಣ ಹರಿದಾಡಿ, ಎಲ್ಲಿ ಕೈಯಾಗುತ್ತದೆ, ಎಲ್ಲಿ ಆಗುವುದಿಲ್ಲ ಎಂದು ನೋಡುವುದು. ಮೊಳೆಯಲ್ಲಿ ತೂಗುವ ಗಂಡನ ಛತ್ರಿಯ ಮೇಲೆ ಕೈಯಾಗುತ್ತಿತ್ತು. ಉಪ್ಪಿನ ಭರಣಿಯ ಮೇಲೆ ಆಗುತ್ತಿತ್ತು. ಇವತ್ತು ಅಡುಗೆಮನೆಯಲ್ಲಿ ಬೆನ್ನು ಮಾಡಿ ಕೂತ ಸೊಸೆಯ ಮೇಲೆ ಆ ಬಾಣ ಬಾಣವಾಗಿಯೇ ಉಳಿಯಿತು. ಈ ಹುಡುಗಿಯನ್ನು ಅವಳೇ ನೋಡಿ ಒಪ್ಪಿ ತಂದದ್ದು. ಸಂಬಂಧ ಬಂದಾಗ, ಸೀರೆ ಉಡಿಸಿ ಚಾ ತಟ್ಟೆ ಕೊಟ್ಟು ಕೂರಿಸಿದ ಹುಡುಗಿಯಲ್ಲಿ ನೋಡುವುದೇನಿದೆ ಎಂದು, ಯಾರಿಗೂ ಹೇಳದೆ ಒಂದು ದಿನ ಅಂಕೋಲೆಯ ಬಸ್ಸು ಹತ್ತಿದ್ದಳು. ಬಸ್‌ಸ್ಟ್ಯಾಂಡಿನ ಹತ್ತಿರದ ಮೆಟ್ಟಿಲು ಹತ್ತಿ, ಕ್ಲಾಸಿನ ಬಾಗಿಲಲ್ಲಿ ಕಂಡ ಹುಡುಗಿಗೆ, “ನಂಗೂ ಕಲಿಯುಕೆ ಆಗ್ತದಾ ಅಂತ ಕೇಳುಕೆ ಬಂದೆ” ಎಂದು ಹೇಳಿದಳು. ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು. ಆ ಹುಡುಗಿ, “ಎಂತಕ್ಕೆ ಆಗುದಿಲ್ಲ?” ಎಂದು ಕುರ್ಚಿ ಎಳೆದುಕೊಟ್ಟು, ಹೀರಾಬಾಯಿಯ ಮೀನು ಹೆಚ್ಚಿ ಹೆಚ್ಚಿ ಗೀರಾದ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಮೌಸಿನ ಮೇಲೆ ಇಟ್ಟು, “ಹಗೂರ ಒತ್ತಿ. ಅದು ಎಲ್ಲಿಗೂ ಓಡಿ ಹೋಗುದಿಲ್ಲ” ಎಂದಿದ್ದಳು. ಅವಳ ಧ್ವನಿಗೆ ಕೋಣೆಯ ಅಷ್ಟೂ ಹುಡುಗಿಯರು ತಲೆಯೆತ್ತುತ್ತಿದ್ದರು. ಇದೇ ಹುಡುಗಿ ಎಂದು ಹೀರಾಬಾಯಿ ಆಗಲೇ ಗಟ್ಟಿ ಮಾಡಿದ್ದಳು. ಆ ಧ್ವನಿಗೇ ಮನಸೋತು ತಂದವಳು, ಹುಡುಗಿ ಈ ಮನೆಗೆ ಬಂದ ಮೇಲೆ ಅದನ್ನು ಮತ್ತೆ ಕೇಳಿಲ್ಲ. ಇಲ್ಲಿ ಅವಳದ್ದು ಸೊಸೆಯ ಧ್ವನಿ, ಒಳ್ಳೆಯ ಧ್ವನಿಯೇ, ಆದರೆ ಅದಕ್ಕೆ ಯಾರೂ ತಲೆಯೆತ್ತಬೇಕಾಗಿಲ್ಲ.

ಊಟಕ್ಕೆ ಕೂತಾಗ ರಕ್ಷಿತಾ ಹುರಿದ ಬಂಗಡೆ ಬಡಿಸಿದಳು. ಒಂದು ತುಂಡು ಮುಗಿಯಿತು. “ಇನ್ನೊಂದು ಹಾಕ್ಲಾ ಅತ್ತೆ?”

“ಬ್ಯಾಡ.”

“ಸಣ್ಣದು?”

“ಬ್ಯಾಡ ಗೋ.”

“ಬಾಲ ಆದ್ರೂ? ನಿಮಗೆ ಬಾಲ ಇಷ್ಟ ಅಲ್ದಾ?”

“ಬ್ಯಾಡಂದೆ ಅಲ್ಲ!” ಸ್ವರ ಸ್ವಲ್ಪ ಏರಿತು. ರಕ್ಷಿತಾ ಸೌಟು ಹಿಡಿದುಕೊಂಡು ಅವಳ ಮುಖ ನೋಡಿದಳು. ಮೂರು ಸಲ ಕೇಳಿದ ಮೇಲೂ ಬರುವ ಬೇಡ ಈ ಮನೆಯಲ್ಲಿ ಅವಳು ಕಂಡದ್ದಲ್ಲ. ಮುರುಗಲು ಸಾರನ್ನಾದರೂ ಕುಡಿಯಿರಿ ಎಂದು ಲೋಟ ಮುಂದಿಟ್ಟಳು. ಹೀರಾಬಾಯಿ ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿದಳು. ಯಾರನ್ನು ಕಾಯಿಸಿದ್ದಳೋ ಅವಳ ಕೈಯಿಂದಲೇ ಮೂರು ಸಲ ಕೇಳಿಸಿಕೊಳ್ಳುವುದಕ್ಕಿಂತ ಬೈಸಿಕೊಳ್ಳುವುದು ಮೇಲು ಅನ್ನಿಸಿತು. ಕುಮಟೆಯವಳೊಬ್ಬಳು ಎಂಬವಳ ಮುಖವನ್ನು ಕಲ್ಪಿಸಿಕೊಳ್ಳಲು ನೋಡಿದಳು. ಆ ಹುಡುಗಿಗೂ ಕೆಲಸ ಬೇಕಾಗಿರಬಹುದು, ಪಾಪ, ಅವಳಿಗೆ ಅನ್ಯಾಯ ಯಾಕೆ ಮಾಡಬೇಕು ಎಂದು ಒಂದು ಯೋಚನೆ ಬಂತು. ಬಂದದ್ದರ ಬೆನ್ನಿಗೆ ಅವಳಿಗೇ ನಾಚಿಕೆಯಾಯಿತು. ತನ್ನ ಮನಸ್ಸು ಇಷ್ಟು ಚೆಂದವಾಗಿ ವಕೀಲಿಕೆ ಮಾಡುತ್ತದೆಂದು ಅವಳಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ.

ಪಾತ್ರೆ ಮಗುಚಿಟ್ಟಾಯಿತು. ರಕ್ಷಿತಾ ಬಟ್ಟೆ ತೆಗೆದು ಮಡಚಿಟ್ಟು ಕಂಪ್ಯೂಟರ್ ಹಾಕಿದಳು. ಅದು ಗೊರಗೊರ ಸದ್ದು ಮಾಡಿ ಎಚ್ಚರವಾಯಿತು. ಹೀರಾಬಾಯಿ ಮಣೆಯ ಮೇಲೆ ಕೂತಳು. ಹಿಂದೊಮ್ಮೆ ಆಟ ನಿಲ್ಲಿಸಿ ಉಳಿಸಿಟ್ಟಿದ್ದ ಹಳೆಯ ಜಾಗವೊಂದಿತ್ತು, ಮುದುಕಿಯ ಗುಡಿಸಲಿಗೆ ಇನ್ನೂ ಕಾಲಿಡದ ಹೊತ್ತಿನದು. ಅದನ್ನು ತೆಗೆದರೆ ಆಮೇಲೆ ಸೇರಿಸಿದ ಹಗ್ಗ, ಗಂಟೆ, ಅಡಿಗಲ್ಲು ಎಲ್ಲ ಹೋಗಿಬಿಡುತ್ತದೆ. “ಹೋಗ್ಲಿ ಬಿಡಿ, ಅದೆಲ್ಲ ಬ್ಯಾಡದ ಭಾರವೇ ಆಗಿತ್ತಲ್ಲ” ಎಂದಳು ರಕ್ಷಿತಾ. ಹಿಂದಕ್ಕೆ ಹೋಗಿ ಅದೇ ಬಾಗಿಲಲ್ಲಿ ಮತ್ತೆ ನಿಲ್ಲಬಹುದು ಎಂಬುದು ಈ ಆಟಗಳಲ್ಲಿ ಹೀರಾಬಾಯಿಗೆ ಎಲ್ಲಕ್ಕಿಂತ ಹಿಡಿಸಿದ್ದು. ಇವತ್ತು ಅದರ ಮೇಲೆ ಹೊಟ್ಟೆಕಿಚ್ಚಾಯಿತು. ಚೀಲ ಖಾಲಿಯಾಗಿ ಬೀರು ಗುಡಿಸಲಿನ ಮುಂದೆ ನಿಂತ. ಒಳಗೆ ಹೋದ. ಮುದುಕಿ ತಿರುಗಿ ಏನೋ ಅಂದಿತು, ಮಡಕೆ ತೋರಿಸಿತು. ಎರಡು ಸಾಲು ಬಂದವು. ರಕ್ಷಿತಾಳ ಬಾಣ ಹೌದಿನ ಮೇಲೆ ಹೋಗಿ, ಆಗಲೂ ಒಂದು ಕ್ಷಣ ತಡೆದು, ಅತ್ತೆಯ ಕಡೆ ನೋಡಿ ನಕ್ಕಿತು. ನಕ್ಕದ್ದು ಹುಡುಗಿ, ಆದರೆ ಹೀರಾಬಾಯಿಗೆ ಬಾಣವೇ ನಕ್ಕಂತಾಯಿತು. “ಹ್ಞೂಂ ಅನ್ಲಾ?”

“ಅನ್ನು.”

ಮುದುಕಿ ಬಟ್ಟಲು ತಂದಿತು. ಬೀರು ಕೂತು ಉಂಡ. ಮತ್ತೆ ಬಡಿಸಿತು, ಮತ್ತೆ ಉಂಡ. ಅವನ ಕೋಟಿನ ಗುಂಡಿಯೊಂದು ಟಪ್ ಎಂದು ಹಾರಿ ಒಲೆಯ ಹಿಂದೆ ಬಿತ್ತು. ರಕ್ಷಿತಾ ಕೈ ತಟ್ಟಿ ನಕ್ಕಳು. ಹೀರಾಬಾಯಿ ಮಾತ್ರ ಮುದುಕಿಯನ್ನೇ ನೋಡುತ್ತಿದ್ದಳು. “ಇಷ್ಟು ಪ್ರೀತಿ ಇಟ್ಕಂಡು ಇನ್ನೊಂದು ಸಲ ಕೇಳುಕೆ ಎಂತ ಧಾಡಿಯಾಗಿತ್ತು ಇದಕ್ಕೆ?” ಎಂದು ಕೇಳಿದಳು. ಅವಳು ನಿಜವಾಗಿಯೂ ಕೇಳಿದ್ದು.

“ಪಾಪ, ಅದಕ್ಕೆಂತ ಗೊತ್ತು ಅತ್ತೆ” ಎಂದಳು ರಕ್ಷಿತಾ, ಕಣ್ಣು ಪರದೆಯ ಮೇಲೆಯೇ ಇಟ್ಟು. “ಬ್ಯಾಡ ಅಂದ್ರೆ ಬ್ಯಾಡ ಅಂತಲೇ ತಿಳ್ಕಂತು.”

ಅದಕ್ಕೆ ಗೊತ್ತಿರಲಿಲ್ಲ. ತನಗೆ ಗೊತ್ತಿತ್ತು. ಹೀರಾಬಾಯಿ ಮಣೆಯ ಮೇಲೆ ಸರಿದು ಕೂತಳು. ಹುಡುಗಿ ಮುದುಕಿಯ ಬಗ್ಗೆ ಹೇಳಿದಳೋ, ಅತ್ತೆಯನ್ನು ಮಾಫಿ ಮಾಡಲು ಅವಳು ಹುಡುಕಿಕೊಂಡಿದ್ದ ಮಾತೇ ಅದಾಗಿತ್ತೋ. ಪರದೆಯಲ್ಲಿ ಬೀರು ಏದುಸಿರು ಬಿಡುತ್ತ ದಡಕ್ಕೆ ಹೋದ. ದೋಣಿಯವನು ಅವನನ್ನು ಮೇಲಿಂದ ಕೆಳಗೆ ನೋಡಿ ಹುಟ್ಟು ಎತ್ತಿಕೊಂಡ. ದೋಣಿ ನೀರಿಗಿಳಿಯಿತು. ಸಂಗೀತ ಶುರುವಾಯಿತು, ಸಮುದ್ರ ಪರದೆಯ ತುಂಬ ಹರಡಿತು. ಈಗ ಒತ್ತುವುದೇನೂ ಇರಲಿಲ್ಲ. ದೋಣಿ ತಾನಾಗಿ ಹೋಗುತ್ತಿತ್ತು, ರಕ್ಷಿತಾಳ ಕೈ ಮೌಸಿನ ಮೇಲೆ ಸುಮ್ಮನೆ ಕೂತಿತ್ತು.

“ನೀ ಕೆಲಸಕ್ಕೆ ಹೋಗುದಾ ಗೋ?” ಎಂದು ಹೀರಾಬಾಯಿ ಕೇಳಿದಳು.

ರಕ್ಷಿತಾ ತಿರುಗಲಿಲ್ಲ. “ಬ್ಯಾಡ ಅತ್ತೆ. ಅಂಕೋಲೆಗೆ ಹೋಗಿ ಬರುದಂದ್ರೆ ದಿನ ಎಲ್ಲ ಹೋಗ್ತದೆ.”

“ದಿನದ ಲೆಕ್ಕ ಕೇಳ್ಲಿಲ್ಲ ನಾನು. ಹೋಗುದಾ?”

“ನಿಮ್ಮ ಮಗನಿಗೆ ಶಿಫ್ಟು ಇರ್ತದೆ. ನೀವು ಒಬ್ರೇ ಎಲ್ಲ ಮಾಡ್ಬೇಕು. ಮಧ್ಯಾಹ್ನ ನಿಮಗೆ...” ಮಾತು ಅಲ್ಲಿಗೆ ನಿಂತಿತು. ಮಧ್ಯಾಹ್ನದ ಹೆಸರು ಅವಳ ಬಾಯಿಂದಲೇ ಬಂತು. ಹುಡುಗಿಗೆ ಗೊತ್ತು. ಎಂದಿನಿಂದಲೂ ಗೊತ್ತು.

“ನೋಡು ರಕ್ಷಿತಾ, ಮೂರನೇ ಸಲ ಕೇಳ್ತೆ ಈಗ. ಈ ಮನೇಲಿ ಮೂರು ಸಲ ಕೇಳುದು ಪದ್ಧತಿ. ಕೆಲಸಕ್ಕೆ ಹೋಗುದಾ?”

ದೋಣಿ ನಡುನೀರಿನಲ್ಲಿತ್ತು. ಹೊರಗೆ ದೂರದಲ್ಲಿ ಸ್ಟೇಶನ್ನಿನಿಂದ ಹೊರಟ ರೈಲು ಒಮ್ಮೆ ಕೂಗಿತು. “ಹೋಗ್ತೆ ಅತ್ತೆ” ಎಂದಳು ರಕ್ಷಿತಾ, ತೀರಾ ಸಣ್ಣ ಸ್ವರದಲ್ಲಿ. ಆಮೇಲೆ ಗಂಟಲು ಸರಿಮಾಡಿಕೊಂಡು, “ಹೋಗ್ಬೇಕು ಅಂತ ಬಾಳ ಅದೆ ನಂಗೆ” ಎಂದಳು.

“ಹಂಗಾದ್ರೆ ಏಳು, ಫೋನ್ ಮಾಡು. ಸಂಜೆಯೊಳಗೆ ಹೇಳ್ಬೇಕಂತೆ. ಇಲ್ದಿದ್ರೆ ಕುಮಟೆಯವಳಿಗೆ ಕೊಡ್ತಾರಂತೆ.”

ಈಗ ರಕ್ಷಿತಾ ತಿರುಗಿದಳು. “ಬೆಳಿಗ್ಗೆ ಹೇಳಿದ್ರಾ ಅಕ್ಕ?”

“ಎರಡೂ ಒಟ್ಟಿಗೇ ಹೇಳಿದ್ಲು. ನಾನು ಒಂದೇ ಹೇಳ್ದೆ.” ಹೀರಾಬಾಯಿ ಸೊಸೆಯ ಮುಖದಿಂದ ಕಣ್ಣು ತೆಗೆಯಲಿಲ್ಲ. ತೆಗೆಯಬಾರದೆಂದು ನಿರ್ಧರಿಸಿದ್ದಳು. “ಹಿಂದೆ ಬಾವಿಕಟ್ಟೆ ಮೇಲೂ ಹಂಗೇ. ನೀ ಕಾಯ್ತಿದ್ದೆ ಅಂತ ನಂಗೆ ಗೊತ್ತಿತ್ತು.”

ರಕ್ಷಿತಾ ಎದ್ದಳು. ಅವಳ ಮುಖದಲ್ಲಿ ಸಿಟ್ಟು ಬಂದದ್ದನ್ನು ಹೀರಾಬಾಯಿ ಕಂಡಳು, ಕಂಡು ಒಂಥರಾ ಹಗುರವೂ ಆಯಿತು, ಬರಬೇಕಾದದ್ದೇ ಅದು. ಹುಡುಗಿ ಫೋನಿನವರೆಗೆ ಹೋಗಿ ರಿಸೀವರು ಎತ್ತಿ, ನಂಬರು ಒತ್ತದೆ ನಿಂತಳು. “ನಾನೂ ಒಂದೇ ಸಲ ಬ್ಯಾಡ ಅಂದಿದ್ದೆ ಅತ್ತೆ” ಎಂದಳು ಗೋಡೆಗೆ. “ಆಮೇಲೆ ಬೇಕು ಅಂತ ಬಾಯಿ ಬಿಟ್ಟು ಹೇಳಬಹುದಿತ್ತು. ನೀವೇ ಕೇಳ್ಲಿ ಅಂತ ಕೂತೆ.” ಆಮೇಲೆ ನಂಬರು ಒತ್ತಿದಳು.

ಹೀರಾಬಾಯಿ ಮಣೆಯಿಂದ ಎದ್ದು, ಯಾಕೆಂದು ಗೊತ್ತಿಲ್ಲದೆ, ಸೊಸೆಯ ಕುರ್ಚಿಯಲ್ಲಿ ಕೂತಳು. ಅದು ಇನ್ನೂ ಬೆಚ್ಚಗಿತ್ತು. ಪರದೆಯಲ್ಲಿ ದೋಣಿ ಆಚೆ ದಡ ಮುಟ್ಟಿತ್ತು. ಹೊಸ ಜಾಗ, ಹಸಿರು ಬೆಟ್ಟ, ಒಂದು ಮುಚ್ಚಿದ ಬಾಗಿಲು, ಕಟ್ಟೆಯ ಮೇಲೊಂದು ಬೆಕ್ಕು. ಬೀರು ಮರಳಿನ ಮೇಲೆ ನಿಂತು ತಲೆ ಕೆರೆದುಕೊಳ್ಳುತ್ತಿದ್ದ. ಅವಳು ಮೌಸಿನ ಮೇಲೆ ಕೈಯಿಟ್ಟಳು, ಹಗೂರ. ಬೆನ್ನ ಹಿಂದೆ ಧ್ವನಿಯೊಂದು ಏರುತ್ತಿತ್ತು. “ಹೌದಕ್ಕ, ಸೋಮವಾರದಿಂದಲೇ ಬರ್ತೆ. ಇಲ್ಲ, ಮೊದಲಿನ ಹಂಗೆ ಬ್ಯಾಡ, ಹುಡುಗಿಯರಿಗೆ ಬೆಳಿಗ್ಗೆಯ ಬ್ಯಾಚು ಬೇರೆ ಮಾಡುವ, ನಾನು ನೋಡ್ಕಂತೆ.” ಅದು ಆ ಧ್ವನಿಯೇ. ಹೀರಾಬಾಯಿ ತಲೆಯೆತ್ತಿದಳು, ಅಂದು ಆ ಕೋಣೆಯ ಹುಡುಗಿಯರು ಎತ್ತಿದ ಹಾಗೆ. ಇನ್ನು ಮಧ್ಯಾಹ್ನಗಳಿಗೆ ಏನು ಮಾಡುವುದು ಎಂಬ ಯೋಚನೆ ಇತ್ತು, ಎಲ್ಲಿಗೂ ಹೋಗಿರಲಿಲ್ಲ. ಆದರೆ ಅದರ ಪಕ್ಕದಲ್ಲೇ ಒಂದು ಸಮಾಧಾನವೂ ಬಂದು ಕೂತಿತ್ತು, ಬಸ್ಸಿನಲ್ಲಿ ಜಾಗ ಕೊಟ್ಟು ಸರಿದು ಕೂರುವವರಂತೆ. ಬಾಣವನ್ನು ಬೆಕ್ಕಿನ ಮೇಲೆ ಒಯ್ದಳು. ಕೈಯಾಯಿತು. ಆದರೆ ಒತ್ತಲಿಲ್ಲ.

ಫೋನು ಇಟ್ಟು ರಕ್ಷಿತಾ ಬಂದು ಹಿಂದೆ ನಿಂತಳು. “ನನ್ನ ಬಿಟ್ಟು ಆಡ್ತಿದ್ರಾ?”

“ಇಲ್ಲ ಗೋ. ಆಯ್ತಾರ ರಜೆ ಅಲ್ದಾ ನಿಂಗೆ, ಆಗ ಆಡುವ. ಅಲ್ಲಿವರೆಗೆ ನಿಲ್ತಾ ಅವ. ಅವನಿಗೆಂತ ಅವಸರ?”

ರಕ್ಷಿತಾ ನಗಲಿಲ್ಲ, ಆದರೆ ಬಗ್ಗಿ ಅತ್ತೆಯ ಕೈಯ ಮೇಲೆಯೇ ಕೈಯಿಟ್ಟು ಬೀರು ನಿಂತ ಜಾಗವನ್ನು ಹಾಗೆಯೇ ಉಳಿಸಿದಳು. ಆಟಕ್ಕೆ ಹೆಸರು ಕೇಳುವ ಪೆಟ್ಟಿಗೆ ಬಂತು, ಅದರಲ್ಲಿ ಏನೋ ಬರೆದಳು. ಆಮೇಲೆ, ಅಡುಗೆಮನೆಯ ಕಡೆ ಹೊರಟವಳು ಬಾಗಿಲಲ್ಲಿ ನಿಂತು ಕೇಳಿದಳು:

“ಮಧ್ಯಾಹ್ನ ಸರೀ ಉಣ್ಲಿಲ್ಲ ನೀವು. ಅವಲಕ್ಕಿ ಕಲಸ್ಲಾ ಅತ್ತೆ?”

“ಹ್ಞೂಂ” ಎಂದಳು ಹೀರಾಬಾಯಿ.

ಎರಡನೆಯ ಸಲ ಕೇಳಲೆಂದು ತೆರೆದಿದ್ದ ರಕ್ಷಿತಾಳ ಬಾಯಿ ಹಾಗೆಯೇ ತೆರೆದುಕೊಂಡಿತ್ತು.